ಫಂಡಿ ಕೊಲ್ಲಿಯ ದಡದಲ್ಲಿ 24 ಅಡಿ ಮೋಟರ್‌ಹೋಮ್: ಕೆಲವು ವರ್ಷ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ಮೋಟರ್‌ಹೋಮ್ ಕಾಯುವುದಕ್ಕೆ ಬಹಳ ಒಳ್ಳೆಯ ಗಾಡಿ, ಸುತ್ತುವುದಕ್ಕೆ ಅಷ್ಟಕ್ಕಷ್ಟೆ. ಕೆನಡಾದ ಫಂಡಿ ಕೊಲ್ಲಿಯಂಥ ಜಾಗಕ್ಕೆ ಬೇಕಾದದ್ದು ಕಾಯುವ ಗಾಡಿಯೇ. ಹಾಗಾಗಿ ನಮಗೆ ಇದು ಹೊಂದಿತು. ಎಲ್ಲರಿಗೂ ಹೊಂದುತ್ತದೆ ಅಂತ ಹೇಳಲಾರೆ.

ನಮ್ಮದು ಸೆಕೆಂಡ್ ಹ್ಯಾಂಡ್ ಕ್ಲಾಸ್ ಸಿ. ಡ್ರೈವರ್ ತಲೆಯ ಮೇಲೊಂದು ಹಾಸಿಗೆ, ಹಿಂದೊಂದು ಮಂಚ, ನಡುವೆ ಪುಟ್ಟ ಅಡುಗೆಮನೆ, ಮೂಲೆಯಲ್ಲಿ ಟಾಯ್ಲೆಟ್. ಒಂಟಾರಿಯೊದಲ್ಲಿ ಇದಕ್ಕೆ ಬೇರೆ ಲೈಸೆನ್ಸ್ ಬೇಡ, ಕಾರಿನ ಜಿ ಲೈಸೆನ್ಸ್ ಸಾಕು. ಟೊರೊಂಟೊದಿಂದ ಕೊಲ್ಲಿಯ ಹತ್ತಿರದ ಪೇಟೆ, ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಮಾಂಕ್ಟನ್‌ಗೆ ಸುಮಾರು 1,500 ಕಿ.ಮೀ. ಎರಡು ದಿನ ಇಟ್ಟುಕೊಂಡರೆ ಆರಾಮ. ಪೆಟ್ರೋಲ್ ವಿಷಯ ಕೇಳಲೇಬೇಡಿ: 100 ಕಿ.ಮೀ.ಗೆ 23-24 ಲೀಟರ್ ಕುಡಿಯುತ್ತದೆ, ಎದುರುಗಾಳಿ ಇದ್ದರೆ ಇನ್ನೂ ಜಾಸ್ತಿ.

ಕಾಯುವುದು ಯಾಕೆ ಅಂದರೆ, ಫಂಡಿಯಲ್ಲಿ ಪ್ರತಿಯೊಂದು ಜಾಗವನ್ನೂ ಎರಡು ಸಲ ನೋಡಬೇಕು. ನಮ್ಮ ಮಂಗಳೂರು, ಕುಂದಾಪುರದ ಕಡೆ ಉಬ್ಬರ ಇಳಿತದ ವ್ಯತ್ಯಾಸ ಒಂದೂವರೆ ಮೀಟರ್ ಆಸುಪಾಸು. ಇಲ್ಲಿ ನೋವಾ ಸ್ಕೋಶಿಯಾದ ಬರ್ನ್ಟ್‌ಕೋಟ್ ಹೆಡ್‌ನಲ್ಲಿ ಅದು 16 ಮೀಟರ್‌ವರೆಗೂ ಹೋಗುತ್ತದೆ, ಜಗತ್ತಿನಲ್ಲೇ ಹೆಚ್ಚು. ಕೊಲ್ಲಿ ಒಳಗೆ ಹೋದಂತೆ ಕಿರಿದಾಗುತ್ತಾ, ಆಳ ಕಮ್ಮಿಯಾಗುತ್ತಾ ಹೋಗುತ್ತದೆ. ಜೊತೆಗೆ ಈ ಕೊಲ್ಲಿಯ ನೀರು ಒಮ್ಮೆ ಹೊಯ್ದಾಡಿ ವಾಪಸಾಗಲು ಹಿಡಿಯುವ ಹೊತ್ತೂ ಚಂದ್ರನ ಉಬ್ಬರದ ಹನ್ನೆರಡೂವರೆ ಗಂಟೆಯ ಲಯವೂ ಹೆಚ್ಚುಕಮ್ಮಿ ಒಂದೇ. ಜೋಕಾಲಿಗೆ ಸರಿಯಾದ ಹೊತ್ತಿಗೆ ತಳ್ಳು ಕೊಟ್ಟ ಹಾಗೆ, ಪ್ರತಿ ಉಬ್ಬರವೂ ಅದನ್ನು ಇನ್ನಷ್ಟು ಎತ್ತುತ್ತದೆ. ನೀರು ತುಂಬಿದ ಮೇಲೆ ಪೂರ್ತಿ ಇಳಿಯಲು ಆರು ಗಂಟೆ ಚಿಲ್ಲರೆ ಬೇಕು. ಆ ಆರು ಗಂಟೆ ಏನು ಮಾಡುತ್ತೀರಿ?

ಕಾರಿನಲ್ಲಿ ಬಂದವರು ಒಂದು ನೋಟ ನೋಡಿ ಹೊರಟುಬಿಡುತ್ತಾರೆ. ಹೋಪ್‌ವೆಲ್ ರಾಕ್ಸ್‌ನಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಇಳಿತದ ಹೊತ್ತಿಗೆ ಮೆಟ್ಟಿಲಿಳಿದು ಹೋದರೆ ಕಾಲಡಿಗೆ ಸಮುದ್ರದ ತಳವೇ. ತಲೆಯ ಮೇಲೆ ಹೂಕುಂಡದ ಆಕಾರದ ಬಂಡೆಗಳು, ಅವುಗಳ ನೆತ್ತಿಯಲ್ಲಿ ಮರ. ಬುಡವೆಲ್ಲ ಕಡಲಕಳೆ ಹತ್ತಿ ಕಂದು ಬಣ್ಣ. ಆ ಕಳೆ ಎಲ್ಲಿಗೆ ನಿಂತಿದೆಯೋ ಅಲ್ಲಿಯವರೆಗೂ ನೀರು ಬರುತ್ತದೆ ಅಂತ ತಿಳಿಯಿರಿ. ಅದು ನಿಮ್ಮ ತಲೆಗಿಂತ ಎಷ್ಟೋ ಮೇಲಿರುತ್ತದೆ. ನಾವು ಕೆಳಗೆ ಓಡಾಡಿ, ಪಾರ್ಕಿಂಗ್‌ಗೆ ವಾಪಸ್ ಬಂದು, ಕುಕ್ಕರ್ ಇಟ್ಟು, ಊಟ ಮಾಡಿ, ಒಂದು ನಿದ್ದೆ ತೆಗೆದು, ಮತ್ತೆ ಹೋಗುತ್ತೇವೆ. ಆಗ ಅದೇ ಜಾಗದಲ್ಲಿ ಕಯಾಕ್‌ಗಳು ತೇಲುತ್ತಿರುತ್ತವೆ. ಊರಿಂದ ಬಂದಿದ್ದ ಅಮ್ಮ ಮೊದಲು ತುಂಬಿದ್ದನ್ನೇ ನೋಡಿದ್ದರು. ಆಮೇಲೆ ಇಳಿದಾಗ ಕಟಕಟೆ ಹಿಡಿದುಕೊಂಡು, "ನೀರೆಲ್ಲ ಎಲ್ಲಿಗ್ ಹೋಯ್ತ್ ಮಾರಾಯಾ?" ಅಂದರು. ಹಗಲು ಮಾತ್ರ ತೆರೆದಿರುವ ಜಾಗ ಇದು. ರಾತ್ರಿಗೆ ಕ್ಯಾಂಪ್‌ಗ್ರೌಂಡೇ ಗತಿ.

ಆಲ್ಮಾ ಊರಿನ ಧಕ್ಕೆಯಲ್ಲೂ ಹೀಗೆಯೇ. ಬೆಳಿಗ್ಗೆ ತೇಲುತ್ತಿದ್ದ ಲಾಬ್‌ಸ್ಟರ್ ದೋಣಿಗಳು ಮಧ್ಯಾಹ್ನ ನೆಲದ ಮೇಲೆ ಕೂತಿರುತ್ತವೆ. ಪಕ್ಕದ ಫಂಡಿ ರಾಷ್ಟ್ರೀಯ ಉದ್ಯಾನದ ಕ್ಯಾಂಪ್‌ಗ್ರೌಂಡ್‌ನಲ್ಲಿ ಕರೆಂಟ್ ಇರುವ ಜಾಗಗಳಿವೆ. ಜುಲೈ, ಆಗಸ್ಟ್‌ಗೆ ಬೇಗ ಬುಕ್ ಮಾಡದಿದ್ದರೆ ಸಿಗುವುದಿಲ್ಲ. ಜುಲೈ ಕೊನೆಯಿಂದ ಆಗಸ್ಟ್ ನಡುವಿನ ತನಕ ಬಂದರೆ ಮೇರೀಸ್ ಪಾಯಿಂಟ್‌ಗೆ ಹೋಗಿ. ಉತ್ತರ ಧ್ರುವದ ಕಡೆಯಿಂದ ಬರುವ ಸ್ಯಾಂಡ್‌ಪೈಪರ್ ಅನ್ನುವ ಪುಟಾಣಿ ಹಕ್ಕಿಗಳು ಇಲ್ಲಿನ ಕೆಸರಿನ ಹುಳಹುಪ್ಪಟೆ ತಿಂದು, ಮೈತೂಕ ದುಪ್ಪಟ್ಟು ಮಾಡಿಕೊಂಡು, ಎಲ್ಲೂ ಇಳಿಯದೆ ದಕ್ಷಿಣ ಅಮೆರಿಕಕ್ಕೆ ಹಾರುತ್ತವೆ. ಇಲ್ಲಿ ಮಾತ್ರ ಉಬ್ಬರದ ಹೊತ್ತಿಗೇ ಹೋಗಬೇಕು. ಕೆಸರು ಮುಳುಗಿದಾಗ ಸಾವಿರಾರು ಹಕ್ಕಿ ದಡದ ಕಿರಿದಾದ ಪಟ್ಟಿಯಲ್ಲಿ ಒತ್ತೊತ್ತಾಗಿ ಕೂರುತ್ತವೆ. ನಾಯಿ ಬಿಡಬೇಡಿ, ಸುಮ್ನೆ ದೂರದಿಂದ ನೋಡಿ. ಒಂದು ಸಲ ಎಬ್ಬಿಸಿದರೂ ಅವು ಕೂಡಿಟ್ಟ ಕೊಬ್ಬು ಖರ್ಚು.

ಈಗ ಗಾಡಿಯ ಒಳಗಿನ ವಿಷಯ. ನಮ್ಮ ಫ್ರಿಜ್ ಪ್ರೊಪೇನ್‌ನಲ್ಲಿ ಓಡುತ್ತದೆ. ಹಾಗಾಗಿ ಕರೆಂಟ್ ಇಲ್ಲದ ಪಾರ್ಕಿಂಗ್‌ನಲ್ಲಿ ಇಡೀ ದಿನ ನಿಂತರೂ ಮೊಸರು ಕೆಡಲಿಲ್ಲ. ಆದರೆ ಈ ಥರದ ಫ್ರಿಜ್‌ಗೆ ಗಾಡಿ ಸಮತಟ್ಟಾಗಿ ನಿಲ್ಲಬೇಕು. ವಾಲಿದರೆ ತಂಪಾಗುವುದಿಲ್ಲ, ಫ್ರಿಜ್ಜೂ ಹಾಳಾಗುತ್ತದೆ. ಚಕ್ರದ ಕೆಳಗಿಡುವ ಪ್ಲಾಸ್ಟಿಕ್ ಬ್ಲಾಕ್ ಒಂದು ಸೆಟ್ ಕಡ್ಡಾಯ. ಅಡುಗೆಗೆ ಒಲೆ ಸಾಕಾಗುತ್ತದೆ. ತೊಂದರೆ ಒಗ್ಗರಣೆಯದು. ಕೆಂಪು ಮೆಣಸು ಎಣ್ಣೆಗೆ ಬಿದ್ದ ಅರ್ಧ ನಿಮಿಷಕ್ಕೆ ಸೀಲಿಂಗಿನ ಅಲಾರಂ ಕಿರುಚತೊಡಗುತ್ತದೆ. ಅದರ ಬ್ಯಾಟರಿ ಕಿತ್ತಿಡುವ ಜಾಣರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ, ಮಲಗುವುದೂ ಅದೇ ಗೂಡಿನಲ್ಲಲ್ವಾ? ನಾವೀಗ ಒಗ್ಗರಣೆಗೆ ಹೊರಗಿನ ಚಿಕ್ಕ ಸ್ಟೋವ್ ಬಳಸುತ್ತೇವೆ.

ಹೊರಗಿನ ಶವರ್ ಇರುವ ಗಾಡಿಯನ್ನೇ ಆರಿಸಿ. ಕೊಲ್ಲಿಯ ಒಳತುದಿಯ ಮೈನಾಸ್ ಬೇಸಿನ್ ಕಡೆಯ ಕೆಂಪು ಕೆಸರು ಅಂಟಿದರೆ ಬಿಡುವುದೇ ಇಲ್ಲ. ಬರ್ನ್ಟ್‌ಕೋಟ್ ಹೆಡ್‌ನಲ್ಲಿ ತಳದ ಮೇಲೆ ನಡೆದು ಬಂದ ಮಕ್ಕಳ ಕಾಲನ್ನು ಬಾಗಿಲಲ್ಲೇ ತೊಳೆಯದಿದ್ದರೆ ಹಾಸಿಗೆಯವರೆಗೂ ಬಣ್ಣ. ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡುವ ಕೆಲಸ ಹೇಸಿಗೆ ಅನ್ನಿಸಿದರೂ ಹತ್ತು ನಿಮಿಷದ್ದು. ಕೈಗವಸು ಹಾಕಿ ಮೊದಲು ಶೌಚದ ಟ್ಯಾಂಕ್ ಬಿಡಿ, ಆಮೇಲೆ ಸಿಂಕಿನ ನೀರು. ಪೈಪ್ ತಾನೇ ತೊಳೆದುಹೋಗುತ್ತದೆ.

ಬೇಸರದ ಸಂಗತಿಗಳೂ ಇವೆ. ಎಸಿ ಸೇರಿ ನಮ್ಮ ಗಾಡಿಯ ಎತ್ತರ 11 ಅಡಿಗೂ ಚೂರು ಜಾಸ್ತಿ. ನ್ಯೂ ಬ್ರನ್ಸ್‌ವಿಕ್‌ನ ಚೆಂದ ಅಂದರೆ ಛಾವಣಿ ಇರುವ ಮರದ ಸೇತುವೆಗಳು. ಅವುಗಳ ಮುಂದೆ ಎತ್ತರದ ಮಿತಿಯ ಫಲಕ ಇರುತ್ತದೆ. ಪಾಯಿಂಟ್ ವುಲ್ಫ್‌ನ ಕೆಂಪು ಸೇತುವೆಯನ್ನು ನಾವು ನಡೆದೇ ದಾಟಿದ್ದು. ಎತ್ತರವನ್ನು ಅಡಿ ಮತ್ತು ಮೀಟರ್ ಎರಡರಲ್ಲೂ ಬರೆದು ಡ್ಯಾಶ್‌ಬೋರ್ಡ್‌ಗೆ ಅಂಟಿಸಿ. ಸೇಂಟ್ ಆಂಡ್ರ್ಯೂಸ್‌ನ ಮಿನಿಸ್ಟರ್ಸ್ ದ್ವೀಪಕ್ಕೆ ಇಳಿತದಲ್ಲಿ ಸಮುದ್ರದ ತಳದ ಮೇಲೇ ಕಾರು ಹೋಗುತ್ತದೆ. ಉಬ್ಬರದಲ್ಲಿ ಆ ದಾರಿಯೇ ಇರುವುದಿಲ್ಲ. ಅಷ್ಟು ಭಾರದ ಗಾಡಿಯನ್ನು ಅಲ್ಲಿಗೆ ಇಳಿಸುವ ಧೈರ್ಯ ನನಗಿಲ್ಲ. ಮಾಂಕ್ಟನ್ ಪೇಟೆಯಲ್ಲಿ ನಿಲ್ಲಿಸಲು ಜಾಗ ಹುಡುಕುವುದರೊಳಗೆ ಪೆಟಿಕೋಡಿಯಾಕ್ ನದಿಯಲ್ಲಿ ಎದುರು ಹರಿದು ಬರುವ ಉಬ್ಬರದ ಅಲೆ ದಾಟಿಹೋಗಬಹುದು. 1968ರ ಕಟ್ಟೆಯಿಂದ ಸೊರಗಿದ್ದ ಆ ಅಲೆ 2010ರಲ್ಲಿ ಗೇಟುಗಳನ್ನು ತೆರೆದ ಮೇಲೆ ಚೇತರಿಸಿಕೊಂಡಿದೆ. ಅರ್ಧ ಗಂಟೆ ಮುಂಚೆಯೇ ಹೋಗಿ.

ನ್ಯೂ ಬ್ರನ್ಸ್‌ವಿಕ್‌ನ ಸೇಂಟ್ ಜಾನ್‌ನಿಂದ ಕೊಲ್ಲಿಯ ಆಚೆ ದಡದ, ನೋವಾ ಸ್ಕೋಶಿಯಾದ ಡಿಗ್ಬಿಗೆ ಗಾಡಿ ಸಾಗಿಸುವ ಹಡಗಿದೆ. ಗಾಡಿ ಉದ್ದ ಇದ್ದಷ್ಟೂ ಟಿಕೆಟ್ ಏರುತ್ತದೆ, ಹತ್ತುವ ಮುಂಚೆ ಪ್ರೊಪೇನ್ ಬಂದ್ ಮಾಡಬೇಕು. ಆದರೂ ಕೊಲ್ಲಿಯನ್ನು ಸುತ್ತಿ ಇಡೀ ದಿನ ಓಡಿಸುವುದಕ್ಕಿಂತ ಅದೇ ವಾಸಿ.

ರಿಪೇರಿಯಲ್ಲಿ ಜಾಸ್ತಿ ದುಡ್ಡು ತಿಂದದ್ದು ಛಾವಣಿ. ಮೂಲೆಯ ಸೀಲಂಟ್ ಬಿರಿದು ಮೇಲಿನ ಹಾಸಿಗೆಯ ಪ್ಲೈವುಡ್ ಮೆತ್ತಗಾಗಿತ್ತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಂಜಿನ್‌ಗಿಂತ ಮೊದಲು ಆ ಮೂಲೆ ಒತ್ತಿ ನೋಡಿ. ಟೈರಿನ ಮೇಲಿನ ತಯಾರಿಕೆಯ ದಿನಾಂಕವನ್ನೂ ಓದಿ. ಸವೆಯದಿದ್ದರೂ ಹಳೆಯದಾದರೆ ಬದಲಿಸಲೇಬೇಕು. ಕಡಲತೀರದಿಂದ ಬಂದ ಮೇಲೆ ಗಾಡಿಯ ಅಡಿಭಾಗಕ್ಕೆ ಸಿಹಿನೀರು ಹೊಡೆಯಿರಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದೇ ಬೇಸಿಗೆಯ ಆಸೆಯಾದರೆ ಕೊಳ್ಳಬೇಡಿ, ಬಾಡಿಗೆಗೆ ತೆಗೆದುಕೊಳ್ಳಿ. ಮುಂದಿನ ಸಲ ನಾನು ಕೊಂಡರೆ ಇನ್ನೂ ಚಿಕ್ಕದು, 19-20 ಅಡಿಯ ವ್ಯಾನ್ ಥರದ್ದು ಕೊಳ್ಳುತ್ತೇನೆ. ಮೇಲಿನ ಹಾಸಿಗೆ ಹೋದರೆ ಹೋಗಲಿ, ಮಕ್ಕಳು ಟೆಂಟ್‌ನಲ್ಲಿ ಮಲಗುತ್ತಾರಂತೆ.