ಮಕ್ಕಳ ಒತ್ತಡ ಅಳೆಯುವ ಜೊಲ್ಲು ಕಿಟ್: ತರಿಸಿ ಕೆಟ್ಟೆ

ಏಳು ವರ್ಷದ ಮಗ ರಾತ್ರಿ ಬೆಚ್ಚಿ ಏಳುತ್ತಿದ್ದ. ಗಾಬರಿಯಲ್ಲಿ, ಒತ್ತಡದ ಹಾರ್ಮೋನಾದ ಕಾರ್ಟಿಸೋಲನ್ನು ಮನೆಯಲ್ಲೇ ಪರೀಕ್ಷಿಸುವ ಕಿಟ್ ತರಿಸಿದೆ. ಡಬ್ಬಿಯಲ್ಲಿ ನಾಲ್ಕು ಹತ್ತಿ ಸುರುಳಿ, ನಾಲ್ಕು ಕೊಳವೆ. ಎದ್ದ ಕೂಡಲೇ, ಹಲ್ಲುಜ್ಜುವ ಮೊದಲು, ಎರಡು ನಿಮಿಷ ಬಾಯಲ್ಲಿಟ್ಟುಕೊಳ್ಳಬೇಕಂತೆ. ಮೊದಲನೆಯದನ್ನು ಉಗಿದ, ಎರಡನೆಯದಕ್ಕೆ ಗೋಳೋ ಎಂದು ಅತ್ತ. ಒತ್ತಡ ಅಳೆಯಲು ಹೋಗಿ ನಾನೇ ಒತ್ತಡ ಕೊಟ್ಟಂತಾಯಿತು! ಹೇಗೋ ಉಳಿದೆರಡನ್ನು ತುಂಬಿಸಿ ಕಳಿಸಿದೆ.

ಪ್ಯಾಕಿಂಗ್ ಬಗ್ಗೆ ತಕರಾರಿಲ್ಲ. ತಕರಾರೆಲ್ಲ ವರದಿಯದ್ದು. ಒಂದೇ ದಿನದ ಅಂಕಿ ಹಿಡಿದು ಕೆಂಪು ಪಟ್ಟಿ, ಕೆಳಗೆ ದಪ್ಪಕ್ಷರದಲ್ಲಿ ‘ಮೆದುಳಿನ ಬೆಳವಣಿಗೆಗೆ ಅಪಾಯ’. ಆ ರಾತ್ರಿ ನಿದ್ದೆ ಹೋದದ್ದು ನನ್ನದು.

ಮಕ್ಕಳ ಡಾಕ್ಟರು ಅದನ್ನು ಪಕ್ಕಕ್ಕೆ ಸರಿಸಿಬಿಟ್ಟರು. ಎದ್ದ ಅರ್ಧ ಗಂಟೆಯ ಆಸುಪಾಸಿನಲ್ಲಿ ಈ ಹಾರ್ಮೋನು ಸಹಜವಾಗಿಯೇ ಏರುತ್ತದೆ, ನಡುರಾತ್ರಿಯ ಹೊತ್ತಿಗೆ ತಳ ಮುಟ್ಟುತ್ತದೆ. ಒಂದೆರಡು ಹನಿ ಜೊಲ್ಲಿನಿಂದ ಮೆದುಳಿನ ಜಾತಕ ಬರೆಯಲಾಗದು ಎಂದರು. ಹೆದರಬೇಕಾದದ್ದು ಸಂತೈಸುವವರೇ ಇಲ್ಲದೆ ತಿಂಗಳು, ವರ್ಷಗಟ್ಟಲೆ ಎಳೆಯುವ ಒತ್ತಡಕ್ಕೆ. ನೆನಪಿಗೆ ಬೇಕಾದ ಮೆದುಳಿನ ಭಾಗವಾದ ಹಿಪ್ಪೊಕ್ಯಾಂಪಸ್‌ಗೆ ಪೆಟ್ಟು ಬೀಳುವುದು ಅಂಥದ್ದರಿಂದ. ರುಮೇನಿಯಾದ ಅನಾಥಾಲಯಗಳ 136 ಮಕ್ಕಳ ಅಧ್ಯಯನದ ಬಗ್ಗೆಯೂ ಹೇಳಿದರು: ಎರಡು ವರ್ಷದೊಳಗೆ ಸಾಕುಮನೆ ಸೇರಿದವರು ಹಲವು ವಿಷಯಗಳಲ್ಲಿ ಹೆಚ್ಚು ಚೇತರಿಸಿಕೊಂಡರಂತೆ.

ಕಿಟ್‌ನ ಕೈಪಿಡಿಯಲ್ಲಿ ಇದರ ಒಂದು ಸಾಲೂ ಇಲ್ಲ. ಬದಲಿಗೆ ‘ಮೂರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷಿಸಿ’ ಎಂಬ ಸಲಹೆ.

ಐದರಲ್ಲಿ ಒಂದೂವರೆ ನಕ್ಷತ್ರ. ಆ ಅರ್ಧ, ಸೋರದ ಮುಚ್ಚಳಕ್ಕೆ.