ಕಾಡಿನ ಸರ್ವೆಗೆ ಗಾಲ್ಫ್ ರೇಂಜ್‌ಫೈಂಡರ್: ಹುಣಸೂರಿನ ಬಟ್ಟೆ ವ್ಯಾಪಾರಿಯೊಬ್ಬನ ರಿವ್ಯೂ

ರೇಟಿಂಗ್: 5ಕ್ಕೆ 3. ಗಾಲ್ಫ್ ಆಡೋರಿಗೆ ದೂರ ಅಳೆಯೋಕೆ ಅಂತ ಮಾಡಿದ ಲೇಸರ್ ರೇಂಜ್‌ಫೈಂಡರನ್ನು ಲೈನ್ ಟ್ರಾನ್ಸೆಕ್ಟ್‌ಗೆ (ಕಾಡಲ್ಲಿ ನೇರ ಗೆರೆ ಮೇಲೆ ನಡೆದು ಪ್ರಾಣಿ ಎಣಿಸೋ ಕೆಲಸಕ್ಕೆ) ಬಳಸಬಹುದು, ಆದರೆ ಅದರ ಅರ್ಧ ಬುದ್ಧಿಯನ್ನು ಆಫ್ ಮಾಡಿದ ಮೇಲೆ. ಆಫ್ ಮಾಡದೆ ಬಳಸಿದರೆ ಬರಿಗಣ್ಣಿನ ಅಂದಾಜಿಗಿಂತ ಕಡೆ. ಬರಿಗಣ್ಣು ತಪ್ಪಿದರೆ ಅನುಮಾನವಾದರೂ ಬರುತ್ತೆ, ಇದು ತಪ್ಪನ್ನು ದಶಾಂಶದ ಸಮೇತ ತೋರಿಸುತ್ತೆ.

ಇದನ್ನು ನಾನು ದುಡ್ಡು ಕೊಟ್ಟು ತಂದದ್ದಲ್ಲ. ಟೆಕ್ಸಾಸ್‌ನಲ್ಲಿರುವ ಭಾವಮೈದುನ ಹೊಸದು ತಗೊಂಡಾಗ ಹಳೆಯದನ್ನು ಸೂಟ್‌ಕೇಸಿಗೆ ಹಾಕಿಕೊಂಡು ಬಂದು, "ನೀನು ಕಾಡಲ್ಲಿ ಅದೇನೋ ಅಳೀತೀಯಂತಲ್ಲ, ಇಟ್ಕೋ" ಅಂದ. ಹುಣಸೂರಿನಲ್ಲಿ ನಮ್ಮದು ಬಟ್ಟೆ ಅಂಗಡಿ. ನಾಗರಹೊಳೆಯ ವೀರನಹೊಸಹಳ್ಳಿ ಗೇಟು ನಮಗೆ ಪಕ್ಕದಲ್ಲೇ ಇದ್ದ ಹಾಗೆ. ಪ್ರಾಣಿ ಎಣಿಕೆಗೆ ಸ್ವಯಂಸೇವಕರು ಬೇಕು ಅಂತ ಕರೆ ಬಂದಾಗಲೆಲ್ಲ ಅರ್ಜಿ ಹಾಕೋದು ನನ್ನ ಚಟ; ಅಂಗಡಿ ತಮ್ಮನ ಪಾಲಿಗೆ. ರೇಂಜ್‌ಫೈಂಡರಿನ ಕಂಪನಿ ಹೆಸರು ಬರೆಯಲ್ಲ. ಈ ದರ್ಜೆಯವೆಲ್ಲ ಹೆಚ್ಚುಕಡಿಮೆ ಒಂದೇ ಜಾತಿ: ಒಂಟಿಗಣ್ಣಲ್ಲಿ ನೋಡುವ, 6 ಪಟ್ಟು ಹತ್ತಿರ ತೋರಿಸುವ, ಅಂಗೈಗಿಂತ ಚೂರು ದೊಡ್ಡ ಡಬ್ಬಿ.

ಮೊದಲು ಇದು ಎಲ್ಲಿ ಬೇಕಾಗುತ್ತೆ ಅನ್ನೋದು. ಹುಲಿ ಗಣತಿ ಅಂದ ಕೂಡಲೇ ಜನ ಕ್ಯಾಮೆರಾ ಟ್ರ್ಯಾಪ್ ನೆನೆಯುತ್ತಾರೆ. ಅದೂ ಸಣ್ಣ ಕೆಲಸವಲ್ಲ. 2022ರ ಅಖಿಲ ಭಾರತ ಗಣತಿಯಲ್ಲಿ 32,588 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು, 4.7 ಕೋಟಿ ಫೋಟೋ ಬಂದವು. ಅದೇ ಗಣತಿಯಲ್ಲಿ ಕಾಲ್ನಡಿಗೆಯ ಸರ್ವೆ 6.4 ಲಕ್ಷ ಕಿಲೋಮೀಟರ್ ದಾಟಿತ್ತು ಅನ್ನೋದನ್ನು ಯಾರೂ ಹೇಳಲ್ಲ. ದೇಶಕ್ಕೆ 3,682 ಹುಲಿ, ಕರ್ನಾಟಕಕ್ಕೆ 563 ಅನ್ನುವ ಅಂದಾಜಿನ ಹಿಂದೆ ಆ ನಡಿಗೆಯೂ ಇದೆ. ಹುಲಿಯ ಹೆಜ್ಜೆ, ಲದ್ದಿ, ಮರ ಪರಚಿದ ಗುರುತು ಹುಡುಕೋದು ಒಂದು ನಡಿಗೆ. ಹುಲಿ ತಿನ್ನುವ ಪ್ರಾಣಿಗಳನ್ನು ಎಣಿಸೋದು ಇನ್ನೊಂದು. ಒಂದು ಹುಲಿ ಬದುಕಿರಬೇಕಾದರೆ ಸುಮಾರು 500 ಬಲಿಪ್ರಾಣಿಗಳು ಬೇಕು ಅನ್ನೋದು ಈ ಕ್ಷೇತ್ರದವರ ಲೆಕ್ಕ. ಹಾಗಾಗಿ ಜಿಂಕೆ, ಕಡವೆ, ಕಾಟಿ ಲೆಕ್ಕ ತಪ್ಪಿದರೆ ಹುಲಿಯ ಲೆಕ್ಕಕ್ಕೂ ಕಾಲಿಲ್ಲ.

ಈ ಎಣಿಕೆಗೆ ಕಾಡೊಳಗೆ ನೇರ ಗೆರೆ ಹಾಕಿರುತ್ತಾರೆ, ಕನಿಷ್ಠ 2 ಕಿಲೋಮೀಟರ್. ಬೆಳಕು ಹರಿಯುತ್ತಿದ್ದ ಹಾಗೆ ಆ ಗೆರೆ ಮೇಲೆ ನಿಧಾನಕ್ಕೆ ನಡೆಯಬೇಕು. ಪ್ರಾಣಿ ಕಂಡರೆ ಯಾವುದು, ಎಷ್ಟು, ಎಷ್ಟು ದೂರ, ಗೆರೆಗೆ ಯಾವ ಕೋನದಲ್ಲಿ ಅಂತ ಬರೆದುಕೊಳ್ಳಬೇಕು. ನಾಗರಹೊಳೆಗೆ ಇದು ಹೊಸದಲ್ಲ, ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲೇ ಇಲ್ಲಿ ಹೀಗೆ ಎಣಿಸಿದ್ದಾರೆ.

ಹೊಸಬರು "ಎಷ್ಟು ಕಂಡವು" ಅಂತಲೇ ಲೆಕ್ಕ ಹಾಕ್ತಿರುತ್ತಾರೆ. ಅದಕ್ಕಿಂತ ಮುಖ್ಯ ಎಷ್ಟು ದೂರದಲ್ಲಿ ಕಂಡವು ಅನ್ನೋದು. ಗೆರೆಯ ಮೇಲಿರೋ ಪ್ರಾಣಿ ಕಂಡೇ ಕಾಣುತ್ತೆ. ದೂರ ಹೋದ ಹಾಗೆ ಕಣ್ತಪ್ಪುವವು ಜಾಸ್ತಿ. ಎಷ್ಟು ಕಣ್ತಪ್ಪಿವೆ ಅನ್ನೋದನ್ನು ಕಂಡವುಗಳ ದೂರದಿಂದಲೇ ಲೆಕ್ಕ ಹಾಕಿ ತೆಗೆಯುತ್ತಾರೆ. ನಾವು ದೂರವನ್ನೆಲ್ಲ ನೂರಕ್ಕೆ ಇಪ್ಪತ್ತರಷ್ಟು ಕಮ್ಮಿ ಬರೆದೆವು ಅನ್ನಿ, ಅಷ್ಟೇ ಪ್ರಾಣಿ ಕಿರಿದಾದ ಜಾಗದಲ್ಲಿ ಇದ್ದ ಹಾಗಾಗಿ ಕಾಡಲ್ಲಿರೋದಕ್ಕಿಂತ ನೂರಕ್ಕೆ ಇಪ್ಪತ್ತೈದು ಜಿಂಕೆ ಹೆಚ್ಚಾಗಿಬಿಡುತ್ತವೆ, ಪೇಪರಿನ ಮೇಲೆ. ಇನ್ನು 10, 20, 30 ಅಂತ ದುಂಡಗೆ ಬರೆಯೋರು. ನಮ್ಮ ಕೌಂಟರಿನಲ್ಲಿ ಹಾಗೆ ಅಳೆದರೆ ಗಿರಾಕಿ ಮುಖಕ್ಕೆ ಎಸೆದು ಹೋಗ್ತಾನೆ.

ಡಬ್ಬಿ ಕೈಗೆ ಬಂದ ಮೇಲೆ ಮೊದಲು ತೋಟದಲ್ಲಿ ಪರೀಕ್ಷೆ ಮಾಡಿದೆ. 30 ಮೀಟರಿನ ಟೇಪು ಹಾಸಿ ತೆಂಗಿನ ಮರಕ್ಕೆ ಗುರಿ ಇಟ್ಟು ನೋಡಿದರೆ 32.8 ಅಂತು. ಹತ್ತಿರ ಹೋದರೂ ಅದೇ ಪ್ರಮಾಣದ ವ್ಯತ್ಯಾಸ. ನನಗೆ ತಕ್ಷಣ ಹೊಳೆಯಿತು, ಏಕೆಂದರೆ ಅಜ್ಜನ ಕಾಲದ ಕಬ್ಬಿಣದ ಗಜಕಡ್ಡಿ ಇವತ್ತಿಗೂ ನಮ್ಮ ಗಲ್ಲಾಪೆಟ್ಟಿಗೆ ಹಿಂದೆ ಇದೆ: ಗಜಕ್ಕೆ 36 ಇಂಚು, ಮೀಟರಿಗೆ 39 ಚಿಲ್ಲರೆ. ಅಮೆರಿಕದ ಸಾಮಾನು, ಗಜದಲ್ಲಿ ಮಾತಾಡ್ತಿದೆ. ಮೂಲೆಯಲ್ಲಿ ಇರುವೆಯಷ್ಟು ದೊಡ್ಡ ವೈ ಅಕ್ಷರ ಬಿಟ್ಟರೆ ಬೇರೆ ಸುಳಿವಿಲ್ಲ. ಬಟನ್ ಐದು ಸೆಕೆಂಡ್ ಒತ್ತಿ ಹಿಡಿದು ಮೀಟರಿಗೆ ತರಬೇಕು. ಬ್ಯಾಟರಿ ತೆಗೆದು ಹಾಕಿದರೆ ಮತ್ತೆ ಗಜಕ್ಕೇ ಓಡುತ್ತೆ! ಗಜದ ಅಂಕಿಯನ್ನು ಮೀಟರ್ ಅಂತ ಬರೆದುಕೊಂಡು ಬಂದರೆ ನೂರು ಜಿಂಕೆ ಇರೋ ಕಡೆ ತೊಂಬತ್ತೊಂದೇ ಅನ್ನೋ ಉತ್ತರ ಬರುತ್ತೆ. ಈ ಒಂದು ಕಾರಣಕ್ಕೇ ಅರ್ಧ ಸ್ಟಾರ್ ಕಟ್.

ನಿಜವಾದ ತೊಂದರೆ ಕಾಡಿನೊಳಗೆ. ಗಾಲ್ಫ್ ಮೈದಾನದಲ್ಲಿ ಗುರಿ ಅಂದರೆ ಬಾವುಟದ ಕೋಲು, ಅದರ ಹಿಂದೆ ಮರಗಳ ಸಾಲು. ಹಾಗಾಗಿ ಯಂತ್ರಕ್ಕೆ ಕಲಿಸಿರೋದು ಇಷ್ಟೇ: ಎದುರಿಗೆ ಎರಡು ವಸ್ತು ಇದ್ದರೆ ಹತ್ತಿರದ್ದನ್ನೇ ಹಿಡಿ. ನಮ್ಮ ಕಾಡಲ್ಲಿ ಹತ್ತಿರದ್ದು ಯಾವುದು? ಲಂಟಾನ ಅನ್ನೋ ಕಳೆಪೊದೆ.

ಹಡ್ಲಿನ (ಕಾಡೊಳಗಿನ ಜೌಗು ಹುಲ್ಲುಬಯಲು) ಅಂಚಲ್ಲಿ ಜಿಂಕೆ ಹಿಂಡು, ಎರಡು ಗಂಡು, ಐದು ಹೆಣ್ಣು, ಒಂದು ಮರಿ. ನಮಗೂ ಅವಕ್ಕೂ ನಡುವೆ ಲಂಟಾನದ ಒಂದು ತೆಳು ಪರದೆ, ಸಂದಿಯಲ್ಲಿ ಕಿವಿ, ಕೊಂಬು ಎಲ್ಲ ಸ್ಪಷ್ಟ. ಡಬ್ಬಿ ಎತ್ತಿ ಒತ್ತಿದೆ: 17. ಮತ್ತೆ 17. ಸ್ವಲ್ಪ ಬಲಕ್ಕೆ ಸರಿಸಿದೆ, 18. ಅಷ್ಟು ಹತ್ತಿರ ಇದ್ದಿದ್ದರೆ ಅವು ಯಾವಾಗಲೋ ಓಡಿರುತ್ತಿದ್ದವು. ಜೊತೆಗಿದ್ದ ಅರಣ್ಯ ಇಲಾಖೆಯ ವಾಚರ್ ಕಿವಿ ಹತ್ತಿರ ಬಂದು, "ಗುಂಪಿನ ನಡುಮಧ್ಯೆ ಆ ಮತ್ತಿ ಮರ ಐತಲ್ಲ, ಅದರ ಬುಡಕ್ಕೆ ಹೊಡೀರಿ ಸಾ, ಪೊದೆ ಮೇಲಿಂದ" ಅಂದರು. ಮೊಸಳೆ ಚರ್ಮದ ಹಾಗೆ ಬಿರಿದ ತೊಗಟೆ, ಲೇಸರಿಗೆ ಒಳ್ಳೆಯ ಗುರಿ. ಒಂದು ಹೆಜ್ಜೆ ಎಡಕ್ಕೆ ವಾಲಿ ಕೈ ಎತ್ತರಿಸಿ ಒತ್ತಿದೆ: 41. ಕೋನ 30 ಡಿಗ್ರಿ. ಆ ಕೋನಕ್ಕೆ ಗೆರೆಯಿಂದ ನೇರ ದೂರ 41ರ ಅರ್ಧ, ಇಪ್ಪತ್ತೂವರೆ ಮೀಟರ್. ಮೊದಲಿನ 17 ನಂಬಿದ್ದರೆ ಎಂಟೂವರೆ ಆಗುತ್ತಿತ್ತು. ಎಂಟು ಪ್ರಾಣಿಗಳ ಒಂದು ಹಿಂಡನ್ನು ಹನ್ನೆರಡು ಮೀಟರ್ ಎಳೆದು ತಂದು ಗೆರೆ ಪಕ್ಕದಲ್ಲಿ ಕಟ್ಟಿಹಾಕಿದ ಹಾಗೆ.

ಆ ವಾಚರ್ ಹೇಳಿಕೊಟ್ಟಿದ್ದು ತರಬೇತಿಯ ಪಾಠದಲ್ಲೂ ಇರುವ ವಿಷಯವೇ. ಗುಂಪಿದ್ದರೆ ಗುಂಪಿನ ನಡುವಿಗೆ ಅಳೆಯಬೇಕು, ಓಡಿಹೋದರೆ ಮೊದಲು ಕಂಡ ಜಾಗಕ್ಕೆ ಅಳೆಯಬೇಕು, ಪ್ರಾಣಿ ನಿಂತ ಹೊಸ ಜಾಗಕ್ಕಲ್ಲ. ಆದರೆ ಜಿಂಕೆ ನೆಗೆದ ಮೇಲೂ ಅದು ನಿಂತಿದ್ದ ಜಾಗವನ್ನು ಒಂದು ಮರದ ಗುರುತಿನಿಂದ ಹಿಡಿದಿಟ್ಟುಕೊಳ್ಳೋದು ಆ ಕಾಡಲ್ಲೇ ಹುಟ್ಟಿ ಬೆಳೆದವರಿಗೆ ಬರುವ ಹಾಗೆ ನಮಗೆ ಬರಲ್ಲ.

ಬೇಟೆಗಾರರಿಗೆ, ಅರಣ್ಯ ಅಳತೆಯವರಿಗೆ ಅಂತ ಮಾಡಿದ ಮಾಡೆಲ್‌ಗಳಲ್ಲಿ ಇದಕ್ಕೆ ಉಲ್ಟಾ ಸೌಲಭ್ಯ ಇರುತ್ತೆ: ಎದುರಿನ ಎಲೆ ಬಿಟ್ಟು ಹಿಂದಿನದ್ದನ್ನು ಹಿಡಿಯುವ ಮೋಡ್. ನಮ್ಮಲ್ಲಿ ಬೇಟೆ ನಿಷೇಧ, ಆದರೆ ಆ ಮೋಡ್ ನಮಗೆ ಬೇಕೇ ಬೇಕು. ಕೊಳ್ಳುವಾಗ ಬೇರೇನೂ ಕೇಳದಿದ್ದರೂ ಇದೊಂದನ್ನು ಕೇಳಿ.

ಇಳಿಜಾರಿನ ಮೋಡ್ ಬಗ್ಗೆ ಒಂದೇ ಮಾತು, ಆಫ್ ಮಾಡಿ. ಏರು ಇದ್ದರೆ ಚೆಂಡಿಗೆ ಎಷ್ಟು ಜೋರು ಬೇಕು ಅಂತ ಲೆಕ್ಕ ಹಾಕಿ ಅದು ದೂರವನ್ನು ಉಬ್ಬಿಸಿ ಹೇಳುತ್ತೆ. ನಾಗರಹೊಳೆಯ ಸಣ್ಣ ಏರುತಗ್ಗಿಗೆ ವ್ಯತ್ಯಾಸ ಕಮ್ಮಿ, ಕುದುರೆಮುಖದ ಕಡೆ ಹೋಗೋರಿಗೆ ಕಷ್ಟ.

ಮ್ಯಾಗ್ನೆಟ್. ಇದನ್ನು ಯಾರೂ ಯೋಚಿಸಿರಲ್ಲ. ಗಾಲ್ಫ್ ಗಾಡಿಯ ಕಂಬಿಗೆ ಅಂಟಿಸಿಡಲಿ ಅಂತ ಈ ಡಬ್ಬಿಯ ಮಗ್ಗುಲಲ್ಲಿ ಗಟ್ಟಿ ಅಯಸ್ಕಾಂತ ಇಟ್ಟಿದ್ದಾರೆ. ಟ್ರಾನ್ಸೆಕ್ಟಿನಲ್ಲಿ ಇನ್ನೊಂದು ಕೈಯಲ್ಲಿ ಇರೋದು ಏನು? ಕೋನ ಅಳೆಯೋ ದಿಕ್ಸೂಚಿ! ಎರಡನ್ನೂ ಕುತ್ತಿಗೆಗೆ ಒಂದೇ ದಾರದಲ್ಲಿ ನೇತುಹಾಕಿಕೊಂಡರೆ ಉತ್ತರ ದಿಕ್ಕು ಎದೆ ಕಡೆಗೆ ತಿರುಗುತ್ತೆ. ತೋಟದಲ್ಲಿ ಎರಡನ್ನೂ ಒಂದು ಗೇಣು ದೂರಕ್ಕೆ ತಂದು ನೋಡಿದೆ, ಮುಳ್ಳು ಕುಡಿದವನ ಹಾಗೆ ವಾಲಿತು. ಈಗ ರೇಂಜ್‌ಫೈಂಡರ್ ಸೊಂಟದ ಚೀಲದಲ್ಲಿ, ಸೂಂಟೋ ಕಂಪನಿಯ ದಿಕ್ಸೂಚಿ ಕುತ್ತಿಗೆಯಲ್ಲಿ. ಇನ್ನೂ ವಾಸಿ ಅಂದರೆ ದಿಕ್ಸೂಚಿ ಒಬ್ಬರ ಕೈಲಿ, ದೂರ ಇನ್ನೊಬ್ಬರ ಕೈಲಿ.

ಪರದೆಯ ಅಂಕಿಗಳು ಕಪ್ಪು. ಹಸಿರು ಹುಲ್ಲಿನ ಮೈದಾನಕ್ಕೆ ಅದೇ ಚೆಂದ. ಬೆಳಿಗ್ಗೆ ಆರೂವರೆಗೆ ಬಿದಿರು ಮೆಳೆಯ ಕೆಳಗೆ ಕಪ್ಪು ಹಿನ್ನೆಲೆಯಲ್ಲಿ ಕಪ್ಪು ಅಂಕಿ ಓದೋದು ಹೇಗೆ? ಒತ್ತಿದ ಮೇಲೆ ಡಬ್ಬಿಯನ್ನು ಆಕಾಶಕ್ಕೆ ತಿರುಗಿಸಿ ಓದುವ ಅಭ್ಯಾಸ ಮಾಡಿಕೊಂಡಿದ್ದೇನೆ, ಅಂಕಿ ಕೆಲವು ಸೆಕೆಂಡ್ ಉಳಿಯುತ್ತೆ. ಕೆಂಪು ಅಂಕಿಯ ಮಾಡೆಲ್ ಸಿಕ್ಕರೆ ಅದನ್ನೇ ತಗೊಳ್ಳಿ. ಗುರಿ ಸಿಕ್ಕಾಗ ಜಿರ್ ಅನ್ನುವ ವೈಬ್ರೇಷನ್ ಒಂದಿದೆ, ಅದನ್ನೂ ನಿಲ್ಲಿಸಿ. ಅಂಗಡಿ ಗಲಾಟೆಯಲ್ಲಿ ಕೇಳಿಸದೇ ಹೋದದ್ದು ಅಲ್ಲಿ ನಮ್ಮ ತಂಡಕ್ಕೆಲ್ಲ ಕೇಳಿಸಿತು. ಒಂಟಿ ಕಾಡುಕುರಿಗೂ (ನಾಯಿ ಹಾಗೆ ಬೊಗಳುವ ಸಣ್ಣ ಜಿಂಕೆ) ಕೇಳಿಸಿತು ಅನ್ನಿಸುತ್ತೆ, ಬೊಗಳಿಕೊಂಡು ಹೋಯಿತು. ಮಂಜು ಇದ್ದರೆ ಯಾವ ಲೇಸರೂ ನಂಬಿಕೆಗಲ್ಲ. ಬೆಳಕು ಮಂಜಿನ ಹನಿಗೇ ತಾಗಿ ವಾಪಸ್ ಬರುತ್ತೆ.

ಇಷ್ಟೆಲ್ಲ ಬೈದ ಮೇಲೆ ಮೂರು ಸ್ಟಾರ್ ಯಾಕೆ? ಸರಿಯಾಗಿ ಸೆಟ್ ಮಾಡಿ ಮರದ ಬುಡಕ್ಕೆ ಹೊಡೆದರೆ ಟೇಪಿಗೂ ಇದಕ್ಕೂ ಒಂದು ಮೀಟರ್ ವ್ಯತ್ಯಾಸವೂ ಬರಲಿಲ್ಲ. ಎತ್ತಿದ ಕೂಡಲೇ ಅಂಕಿ ಸಿಗುತ್ತೆ. ಲೇಸರ್ ಕಣ್ಣಿಗೆ ಕಾಣದ ಜಾತಿಯದು, ಪ್ರಾಣಿಗೆ ಕೆಂಪು ಚುಕ್ಕೆ ಬೀಳುತ್ತೆ ಅನ್ನೋ ಭಯ ಬೇಡ. ಎಲ್ಲಕ್ಕಿಂತ ದೊಡ್ಡ ಲಾಭ ಮನೆಯಲ್ಲಿ. ವಾಕಿಂಗ್ ಹೋದಾಗ ಲೈಟು ಕಂಬಕ್ಕೆ, ನಿಂತ ಬಸ್ಸಿಗೆ, ಹಸುವಿಗೆ ಮೊದಲು ಕಣ್ಣಲ್ಲಿ ಅಂದಾಜು ಹೇಳಿ ಆಮೇಲೆ ಒತ್ತಿ ನೋಡ್ತೀನಿ. ಬಟ್ಟೆಯಲ್ಲಿ ಎರಡು ಇಂಚು ಕಮ್ಮಿಯಾದರೂ ಕೈಗೆ ಗೊತ್ತಾಗುವ ನನಗೆ 50 ಮೀಟರ್ ಆಚೆಗಿನದ್ದೆಲ್ಲ ಹತ್ತಿರವೇ ಕಾಣುತ್ತಿತ್ತು. ಈಗ ಕಣ್ಣು ಕೊಂಚ ತಿದ್ದಿಕೊಂಡಿದೆ. ಬ್ಯಾಟರಿ ಕೈಕೊಟ್ಟ ದಿನ ಉಳಿಯೋದು ಆ ಕಣ್ಣೇ. ಬ್ಯಾಟರಿಯೂ ಸಿಆರ್2 ಅನ್ನೋ ಗುಂಡುಮೂತಿಯದು, ಹುಣಸೂರಿನಲ್ಲಿ ಸಿಗಲ್ಲ, ಮೈಸೂರಿನ ಕ್ಯಾಮೆರಾ ಅಂಗಡಿಯಿಂದ ತರಬೇಕು.

ಸಾಮಾನ್ಯವಾಗಿ ಸರ್ವೆಗೆ ಬೇಕಾದ ಉಪಕರಣ ನಡೆಸೋರೇ ಕೊಡ್ತಾರೆ. ನಿಮ್ಮದನ್ನೇ ಬಳಸಬೇಕು ಅಂದರೆ ತರಬೇತಿ ದಿನವೇ ತೋರಿಸಿ, ಒಪ್ಪಿದರೆ ಮಾತ್ರ ಒಯ್ಯಿರಿ. ಹಾಗಾಗಿ ಮೊದಲ ಸಲ ಹೋಗೋರು ಏನೂ ಕೊಳ್ಳಬೇಡಿ. ದುಡ್ಡು ಖರ್ಚು ಮಾಡಲೇಬೇಕು ಅನ್ನಿಸಿದರೆ ಪ್ಯಾಂಟಿಗೆ ಮಾಡಿ, ಇದು ನನ್ನ ಕಸುಬಿನ ಮಾತು. ಟ್ರೆಕ್ಕಿಂಗ್ ಪ್ಯಾಂಟು ಅಂತ ಮಾರುವ ನೈಲಾನ್ ಬಟ್ಟೆ ತೊಡೆಗೆ ತೊಡೆ ತಾಗಿದಾಗ ಸರ್ ಸರ್ ಅನ್ನುತ್ತೆ, ಮುಳ್ಳಿಗೆ ತಾಗಿದರೆ ಇನ್ನೂ ಜೋರು. ಒಗೆದು ಒಗೆದು ಮೆತ್ತಗಾದ ಹತ್ತಿಯ ಡ್ರಿಲ್ ಬಟ್ಟೆ ಸದ್ದೇ ಮಾಡಲ್ಲ. ಮಾಸಲು ಹಸಿರು ಅಥವಾ ಕಂದು ಬಣ್ಣದ್ದಿರಲಿ. ತುದಿಯನ್ನು ಸಾಕ್ಸಿನೊಳಗೆ ಸೇರಿಸಿ, ಬೇಸಿಗೆಯಲ್ಲಿ ಉಣ್ಣಿ ಕಾಟ ಇದೆ.

ಇನ್ನು ಸ್ವಯಂಸೇವಕರಿಗೆ ನೆರವಾಗಬೇಕು ಅಂತ ಮುಂದೆ ಬರುವ ಸಂಘದವರಿಗೆ, ಕಂಪನಿಯವರಿಗೆ. ಗಣತಿ ಸುದ್ದಿ ಬಂದ ಕೂಡಲೇ ನಮ್ಮ ಅಂಗಡಿಗೆ ಟೀ ಶರ್ಟ್ ಆರ್ಡರ್ ಬರುತ್ತೆ: ಬಿಳಿ ಅಥವಾ ಹಳದಿ, ಎದೆ ಮೇಲೆ ಹುಲಿ ಮುಖ, ಬೆನ್ನ ತುಂಬ ಲೋಗೋ. ಅದನ್ನು ಹಾಕಿಕೊಂಡು ಗೆರೆ ನಡೆದರೆ ನಾವು ಪ್ರಾಣಿ ನೋಡೋ ಮೊದಲೇ ಅವು ನಮ್ಮನ್ನು ನೋಡಿ ಸರಿದಿರುತ್ತವೆ, ಆಗ ಗೆರೆ ಹತ್ತಿರದ ಲೆಕ್ಕವೇ ಕೆಡುತ್ತೆ. ನನ್ನ ವ್ಯಾಪಾರ ಕೆಟ್ಟರೂ ಚಿಂತೆಯಿಲ್ಲ, ಐವತ್ತು ಟೀ ಶರ್ಟಿನ ದುಡ್ಡಿಗೆ ಹಿಂದಿನದ್ದನ್ನು ಹಿಡಿಯುವ ಮೋಡ್ ಇರೋ ಒಂದು ರೇಂಜ್‌ಫೈಂಡರ್ ಬರುತ್ತೆ, ಅದನ್ನು ಕೊಡಿ. ಜೊತೆಗೆ ಎರಡು ಬ್ಯಾಟರಿ, ಪರೀಕ್ಷೆಗೊಂದು 30 ಮೀಟರ್ ಟೇಪು. ತಗೊಳ್ಳೋರನ್ನು ಮೊದಲೇ ಕೇಳಿ, ಅವರ ಹತ್ತಿರ ಇದ್ದರೆ ವಾಚರುಗಳಿಗೆ ಒಳ್ಳೆ ಶೂ ಕೊಡಿಸಿ, ವರ್ಷವಿಡೀ ನಡೆಯೋರು ಅವರು.

ಇಲ್ಲ, ಟೀ ಶರ್ಟೇ ಆಗಬೇಕು ಅಂತೀರಾ? ಪಾಚಿ ಹಸಿರು, ಪೂರ್ತಿ ಹತ್ತಿ, ಲೋಗೋ ಕಾಲರಿನ ಒಳಮಗ್ಗುಲಿಗೆ. ನೂರಕ್ಕಿಂತ ಹೆಚ್ಚಾದರೆ ರೇಟು ನೋಡಿ ಹಾಕಿಕೊಡೋಣ.