ದಟ್ಟ ಹೊಗೆ ನಂಬಿ ಕೆಟ್ಟೆ: ಗಾಳಿ ಲೀಕ್ ಹುಡುಕುವ ನಾಲ್ಕು ದಾರಿಗಳು

ಮೊದಲೇ ಹೇಳಿಬಿಡುತ್ತೇನೆ. ಕಾರಿನ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿನ ಲೀಕ್ ಹುಡುಕಲು ಹೊಗೆ ಮೆಷೀನು (ಪೈಪುಗಳೊಳಗೆ ಹೊಗೆ ತುಂಬಿ, ಅದು ಎಲ್ಲಿಂದ ಹೊರಬರುತ್ತದೆ ಅಂತ ನೋಡುವ ಸಾಧನ) ಕೊಳ್ಳುವುದಾದರೆ, ಒಳಗೇ ಪುಟ್ಟ ಪಂಪ್ ಇರುವ, ಮುಂದೆ ಒಂದು ಗಾಜಿನ ಕೊಳವೆಯಲ್ಲಿ ಗುಂಡು ಏರಿಳಿಯುವ ಮೆಷೀನು ಕೊಳ್ಳಿ. ಹೊಗೆ ಎಷ್ಟು ದಟ್ಟವಾಗಿ ಬರುತ್ತದೆ ಅನ್ನುವುದನ್ನು ನೋಡಲೇಬೇಡಿ. ನಾನು ಅದೊಂದನ್ನೇ ನೋಡಿ ಕೊಂಡೆ. ಆಮೇಲೆ ಎರಡನೇ ಸಲ ದುಡ್ಡು ಹಾಕಿದೆ.

ಶುರುವಾಗಿದ್ದು ನನ್ನ ಹಳೇ ಪೆಟ್ರೋಲ್ ಕಾರಿನಿಂದ. ಐಡ್ಲಿಂಗ್‌ನಲ್ಲಿ ಎಂಜಿನ್ ಉಸಿರು ಕಟ್ಟಿದವರ ಹಾಗೆ ಏರಿಳಿಯುತ್ತಿತ್ತು. ಚೆಕ್ ಎಂಜಿನ್ ಲೈಟು ಹತ್ತಿತು. ಸ್ಕ್ಯಾನರ್ ಹಾಕಿದರೆ ಪಿ 0171 ಅನ್ನುವ ದೋಷದ ಕೋಡು. ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಐಡ್ಲಿಂಗ್‌ನಲ್ಲಿ ಕಂಪ್ಯೂಟರ್ ಶೇ 22ರಷ್ಟು ಹೆಚ್ಚು ಪೆಟ್ರೋಲ್ ಸುರಿಯುತ್ತಿತ್ತು. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂ ಹತ್ತಿರ ಹಿಡಿದರೆ ಅದೇ ಶೇ 5ಕ್ಕೆ ಇಳಿಯುತ್ತಿತ್ತು. ಇದು ಗಾಳಿ ಲೀಕಿನ ಗುರುತು. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಸ್ವಲ್ಪ, ಹಾಗಾಗಿ ತೂತಿನಿಂದ ನುಗ್ಗುವ ಕಳ್ಳ ಗಾಳಿಯ ಪಾಲು ದೊಡ್ಡದು. ಜೋರಾಗಿ ಓಡುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ಲೀಕ್ ಇದೆ ಅಂತ ಗೊತ್ತಾಯಿತು. ಎಲ್ಲಿದೆ ಅಂತ ಸ್ಕ್ಯಾನರ್ ಹೇಳುವುದಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಎಂಜಿನ್ ಚಾಲೂ ಇಟ್ಟು ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇಯನ್ನು ಪೈಪುಗಳ ಸಂದಿಗೆ, ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಲೀಕ್ ತಡೆಯುವ ಪಟ್ಟಿ) ಅಂಚಿಗೆ ಹೊಡೆಯುವುದು. ಲೀಕ್ ಇರುವ ಜಾಗದಲ್ಲಿ ಅದು ಒಳಗೆ ಎಳೆದುಕೊಂಡು ಎಂಜಿನ್ ಸದ್ದು ಬದಲಾಗುತ್ತದೆ. ಖರ್ಚು ಕಡಿಮೆ, ಐದು ನಿಮಿಷದ ಕೆಲಸ. ಕಣ್ಣಿಗೆ ಕಾಣುವ, ಮೇಲ್ಗಡೆ ಇರುವ ಲೀಕಿಗೆ ಇದು ಸಾಕು. ನನ್ನದು ಕೆಳಗೆಲ್ಲೋ ಇತ್ತು. ಸ್ಪ್ರೇ ಅಲ್ಲಿಗೆ ತಲುಪುವ ಮೊದಲೇ ಬಿಸಿಗೆ ಆವಿಯಾಗುತ್ತಿತ್ತು. ಒಂದು ಸಲ ಏರ್ ಫಿಲ್ಟರ್ ಬಾಯಿಯಿಂದಲೇ ಆವಿ ಎಳೆದುಕೊಂಡು ಎಂಜಿನ್ ಸದ್ದು ಬದಲಾಯಿತು, ನಾನು ಸಿಕ್ಕಿತು ಅಂತ ಕುಣಿದೆ. ಇನ್ನೊಂದು ಮಾತು. ಅದು ಬೆಂಕಿ ಹಿಡಿಯುವ ವಸ್ತು, ಪಕ್ಕದಲ್ಲೇ ಎಂಜಿನ್ನಿನ ಸುಟ್ಟ ಹೊಗೆ ಹೊರಹೋಗುವ, ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಈಗ ನಾನು ಈ ದಾರಿ ಬಿಟ್ಟಿದ್ದೇನೆ.

ಎರಡನೆಯದು ಮನೆಯಲ್ಲೇ ಮಾಡಿದ ಡಬ್ಬಿ. ಖಾಲಿ ಪೇಂಟ್ ಡಬ್ಬಿ, ಅದರಲ್ಲಿ ಬೇಬಿ ಆಯಿಲ್, ಹತ್ತಿಯ ಬತ್ತಿ, ಡೀಸೆಲ್ ಎಂಜಿನ್ನಿನ ಒಂದು ಗ್ಲೋ ಪ್ಲಗ್. ಬ್ಯಾಟರಿಯಿಂದ ಕರೆಂಟ್ ಕೊಟ್ಟರೆ ಎಣ್ಣೆ ಕಾದು ಬಿಳಿ ಹೊಗೆ ಏಳುತ್ತದೆ. ಒಂದು ಕಡೆಯಿಂದ ಗಾಳಿ ಊದಿದರೆ ಇನ್ನೊಂದು ಕಡೆಯಿಂದ ಹೊಗೆ. ದುಬಾರಿ ಮೆಷೀನುಗಳ ಒಳಗೂ ಇರುವುದು ಹೆಚ್ಚುಕಮ್ಮಿ ಇದೇ. ಮಾಡುವಾಗ ತುಂಬಾ ಖುಷಿಯಾಯಿತು, ನಿಜ. ಆದರೆ ಗ್ಲೋ ಪ್ಲಗ್ ಹತ್ತು ಆಂಪಿಯರಿಗಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ, ನನ್ನ ತೆಳು ವೈರು ಕಾದು ಮೆತ್ತಗಾಯಿತು. ಬತ್ತಿ ಕರಿಕಲಾಯಿತು. ಮೂರನೇ ದಿನ ಕಂಪ್ರೆಸರ್ ಗಾಳಿ ಸ್ವಲ್ಪ ಜಾಸ್ತಿ ಕೊಟ್ಟೆ, ಮುಚ್ಚಳ ಹಾರಿ ಬಿಸಿ ಎಣ್ಣೆ ತೋಳಿಗೆ ಸಿಡಿಯಿತು. ಕೈಕೆಲಸ ಇಷ್ಟ ಇದ್ದವರು ಮಾಡಿ ನೋಡಲಿ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಮಾತ್ರ ಅದನ್ನು ತರಬೇಡಿ.

ಮೂರನೆಯದೇ ನಾನು ದುಡ್ಡು ಕೊಟ್ಟು ಕೊಂಡ ಮೊದಲ ಮೆಷೀನು. ಉಕ್ಕಿನ ಗಟ್ಟಿ ಡಬ್ಬಿ, ಬ್ಯಾಟರಿಗೆ ಎರಡು ಕ್ಲಿಪ್ಪು, ಹೊರಗಿನ ಕಂಪ್ರೆಸರಿನಿಂದ ಗಾಳಿ. ವಿಡಿಯೊದಲ್ಲಿ ಅದರ ಹೊಗೆ ನೋಡಿ ಮರುಳಾದೆ. ನಿಜಕ್ಕೂ ಹೊಗೆ ಭರ್ಜರಿಯಾಗಿಯೇ ಬರುತ್ತದೆ. ಅದರಲ್ಲಿ ಮೋಸ ಇಲ್ಲ.

ತೊಂದರೆ ಶುರುವಾಗಿದ್ದು ಅದರ ಜೊತೆ ಬಂದ ರಬ್ಬರ್ ಕೋನಿನಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹೊಗೆ ಪರೀಕ್ಷೆಯಲ್ಲಿ ಎಂಜಿನ್ ಆಫ್ ಆಗಿರುತ್ತದೆ. ಏರ್ ಫಿಲ್ಟರಿನಿಂದ ಬರುವ ದಪ್ಪ ಪೈಪನ್ನು ಕಳಚಿ, ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚುಕಮ್ಮಿ ಮಾಡುವ ವಾಲ್ವು) ಕಡೆಯ ಬಾಯಿಯನ್ನು ಮುಚ್ಚಿ, ಆ ಮುಚ್ಚಳದ ಮಧ್ಯದಿಂದ ಹೊಗೆ ಒಳಗೆ ಬಿಡಬೇಕು. ಆ ಮುಚ್ಚಳವೇ ಕೋನು. ಬಾಯಿ ಸರಿಯಾಗಿ ದುಂಡಗಿದ್ದರೆ ಕೋನು ಬಿಗಿಯಾಗಿ ಕೂರುತ್ತದೆ. ನನ್ನ ಕಾರಿನ ರಬ್ಬರ್ ಪೈಪು ಹಳೆಯದು, ಕ್ಲ್ಯಾಂಪ್ ಬಿಗಿದೂ ಬಿಗಿದೂ ಒಂದು ಕಡೆ ಚಪ್ಪಟೆಯಾಗಿದೆ. ಕೋನನ್ನು ಒತ್ತಿ ಕೂರಿಸಿದೆ, ಮೇಲಿನಿಂದ ನೋಡಿದರೆ ಗಟ್ಟಿಯಾಗಿಯೇ ಇತ್ತು. ಹೊಗೆ ಬಿಟ್ಟೆ. ಒಂದೇ ನಿಮಿಷದಲ್ಲಿ ಥ್ರಾಟಲ್ ಬಾಡಿಯ ಕೆಳಗಿನಿಂದ ಹೊಗೆ ಮೇಲೆದ್ದಿತು. ಅಬ್ಬಾ, ಸಿಕ್ಕಿತು. ಥ್ರಾಟಲ್ ಬಾಡಿಯ ಗ್ಯಾಸ್ಕೆಟ್ ಹೋಗಿದೆ.

ಗ್ಯಾಸ್ಕೆಟ್ ತರಿಸಿದೆ. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು. ಒಂದು ಬೋಲ್ಟು ಕೈಜಾರಿ ಎಂಜಿನ್ ಕೆಳಗಿನ ತಗಡಿನ ಮೇಲೆ ಬಿತ್ತು, ಅದನ್ನು ತೆಗೆಯಲು ಕಾರನ್ನು ಜಾಕ್ ಮೇಲೆ ಏರಿಸಬೇಕಾಯಿತು. ಹೊಸ ಗ್ಯಾಸ್ಕೆಟ್ ಹಾಕಿ, ಕೋನು ಕೂರಿಸಿ, ಮತ್ತೆ ಹೊಗೆ ಬಿಟ್ಟೆ. ಅದೇ ಜಾಗದಿಂದ ಅದೇ ಹೊಗೆ. ಗ್ಯಾಸ್ಕೆಟ್ ಸೊಟ್ಟ ಕೂತಿದೆಯೇನೋ ಅಂತ ಮತ್ತೆ ಬಿಚ್ಚಿದೆ. ಮತ್ತೆ ಹಾಕಿದೆ. ಮತ್ತೆ ಹೊಗೆ.

ಗ್ಯಾರೇಜು ನಡೆಸುವ ಗೆಳೆಯನಿಗೆ ಫೋನ್ ಮಾಡಿದೆ. ಅವನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ‘ಅಲ್ಲಯ್ಯಾ, ಕೋನ್ ಸುತ್ತ ಸೋಪ್ ನೀರು ಹಚ್ಚಿ ನೋಡಿದ್ಯಾ?’ ಅಂದ. ಹಚ್ಚಿದೆ. ಕೋನಿನ ಕೆಳಭಾಗದಲ್ಲಿ, ಪೈಪು ಚಪ್ಪಟೆಯಾದ ಕಡೆ, ಗುಳ್ಳೆಗಳ ಸಾಲು. ಹೊಗೆ ಅಲ್ಲಿಂದ ಹೊರಬಂದು, ಪೈಪಿನ ಹೊಟ್ಟೆಗೆ ಅಂಟಿಕೊಂಡು ಒಂದು ಗೇಣು ಹರಿದು, ಥ್ರಾಟಲ್ ಬಾಡಿಯ ಹತ್ತಿರ ಮೇಲೇಳುತ್ತಿತ್ತು. ಹೊಗೆ ಕಂಡ ಜಾಗವೇ ಲೀಕಿನ ಜಾಗ ಅಂತ ನಂಬಿದ್ದು ನನ್ನ ತಪ್ಪು. ಹೊಗೆ ದಟ್ಟವಾದಷ್ಟೂ ಈ ಗೊಂದಲ ಜಾಸ್ತಿ. ಇಡೀ ಬಾನೆಟ್ ಒಳಗೆ ಮೋಡ ಕವಿದ ಮೇಲೆ ಅದು ಹುಟ್ಟಿದ್ದೆಲ್ಲಿ ಅಂತ ಹೇಗೆ ಹೇಳುವುದು?

ಕೋನಿಗೆ ಟೇಪು ಸುತ್ತಿದೆ, ಬಿಸಿಗೆ ಬಿಟ್ಟುಕೊಂಡಿತು. ರಬ್ಬರ್ ಗ್ಲೌಸು ಹಾಕಿ ಮೇಲೆ ಕ್ಲ್ಯಾಂಪು ಬಿಗಿದೆ, ಗ್ಲೌಸು ಬಲೂನಿನ ಹಾಗೆ ಊದಿ ನನ್ನ ಕಡೆಗೇ ಐದು ಬೆರಳು ಚಾಚಿತು. ಕೆಲಸ ಮಾತ್ರ ಮಾಡಿತು. ಆಮೇಲೆ ನೋಡಿದರೆ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ಕಿನಿಂದ ಹೊಗೆ, ಸೈಲೆನ್ಸರಿನಿಂದ ಹೊಗೆ. ಯಾವುದು ಸಹಜ, ಯಾವುದು ಲೀಕು? ಎಂಜಿನ್ ನಿಂತಾಗ ಯಾವುದಾದರೂ ಸಿಲಿಂಡರಿನ ವಾಲ್ವುಗಳು ಸ್ವಲ್ಪ ತೆರೆದಿರಬಹುದು, ಆ ದಾರಿಯಲ್ಲಿ ಹೊಗೆ ಎಕ್ಸಾಸ್ಟಿಗೆ ಹೋಗುತ್ತದೆ. ಎಂಜಿನ್ ತಳದ, ಆಯಿಲ್ ಇರುವ ಕ್ರ್ಯಾಂಕ್‌ಕೇಸಿಗೂ ಪೈಪಿನ ದಾರಿ ಇದೆ, ಅಲ್ಲಿಂದ ಡಿಪ್‌ಸ್ಟಿಕ್ಕಿಗೆ ಬರುತ್ತದೆ. ಇವು ದೋಷ ಅಲ್ಲ. ಆದರೆ ಎಷ್ಟು ಹೊಗೆ ಇವುಗಳ ಪಾಲು, ಎಷ್ಟು ಲೀಕಿನ ಪಾಲು ಅಂತ ಹೇಳಲು ಈ ಮೆಷೀನಿನಲ್ಲಿ ಏನೂ ಇಲ್ಲ. ಇರುವ ಒಂದೇ ಗೇಜು ಕಂಪ್ರೆಸರ್ ಕಡೆಯ ಒತ್ತಡ ತೋರಿಸುತ್ತದೆ. ಅದು ಕಟ್ಟಿಕೊಂಡು ನನಗೇನಾಗಬೇಕು?

ಮೂರು ತಿಂಗಳು ಬಿಟ್ಟು ನಾಲ್ಕನೆಯದನ್ನು ಕೊಂಡೆ. ಬೆಲೆ ಸುಮಾರು ಎರಡೂವರೆ ಪಟ್ಟು. ಹೊಗೆ ತೆಳ್ಳಗೆ, ಮೊದಲ ದಿನ ನೋಡಿ ನಿರಾಶೆಯೇ ಆಯಿತು. ಆದರೆ ಮುಂದೆ ಆ ಗಾಜಿನ ಕೊಳವೆ, ಅದರೊಳಗೆ ಪುಟ್ಟ ಗುಂಡು. ಹೊಗೆ ಹರಿಯುತ್ತಿದ್ದರೆ ಗುಂಡು ಮೇಲೆ, ಹರಿವು ನಿಂತರೆ ಗುಂಡು ಕೆಳಗೆ. ಮೊದಲು ಮೆಷೀನಿನ ಪೈಪಿನ ತುದಿಯನ್ನೇ ಹೆಬ್ಬೆರಳಿನಿಂದ ಮುಚ್ಚುತ್ತೇನೆ. ಗುಂಡು ತಳ ಮುಟ್ಟಿದರೆ ಮೆಷೀನು ಸರಿ. ಮುಚ್ಚಳವಾಗಿ ಬಂದಿರುವುದು ಕೋನಲ್ಲ, ಗಾಳಿ ತುಂಬಿಸುವ ರಬ್ಬರ್ ಬುಡ್ಡೆ. ಅದನ್ನು ಪೈಪಿನೊಳಗೆ ತೂರಿಸಿ ನಾಲ್ಕು ಸಲ ಪಂಪ್ ಒತ್ತಿದರೆ ಚಪ್ಪಟೆ ಪೈಪಿಗೂ ಕಚ್ಚಿಕೊಂಡು ಕೂರುತ್ತದೆ. ಗಾಳಿ ಅಳೆಯುವ ಸೆನ್ಸರ್ ದಾಟಿದ ಮೇಲೆ ಕೂರಿಸುತ್ತೇನೆ. ಪಿ 0171 ಕೊಡುವ ಕಳ್ಳ ಗಾಳಿ ನುಗ್ಗುವುದು ಆ ಸೆನ್ಸರಿನ ಆಚೆಗೆ, ಮತ್ತೆ ಸೆನ್ಸರಿಗೆ ಎಣ್ಣೆ ತಾಗುವುದೂ ತಪ್ಪುತ್ತದೆ.

ಇಂಟೇಕ್ (ಗಾಳಿ ಒಳಹೋಗುವ ದಾರಿ) ಪರೀಕ್ಷೆಯಲ್ಲಿ ಗುಂಡು ಯಾವತ್ತೂ ಪೂರ್ತಿ ತಳಕ್ಕೆ ಬರುವುದಿಲ್ಲ. ಮೇಲೆ ಹೇಳಿದ ಸಹಜ ದಾರಿಗಳು ಇದ್ದೇ ಇರುತ್ತವಲ್ಲ. ಹಾಗಾಗಿ ನಾನು ಒಂದೊಂದೇ ಪೈಪನ್ನು ಇಂಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಭಾಗ) ಹತ್ತಿರ ಮೆತ್ತಗೆ ಒತ್ತಿ ಹಿಡಿದು ಗುಂಡನ್ನು ನೋಡುತ್ತೇನೆ. ಬ್ರೇಕ್ ಬೂಸ್ಟರ್ ಪೈಪು ಒತ್ತಿದೆ, ಗುಂಡು ಅಲ್ಲಾಡಲಿಲ್ಲ. ಕ್ರ್ಯಾಂಕ್‌ಕೇಸಿನಿಂದ ಮ್ಯಾನಿಫೋಲ್ಡಿಗೆ ಬರುವ ಪಿಸಿವಿ ಪೈಪು ಒತ್ತಿದೆ, ಗುಂಡು ದಡಕ್ಕನೆ ಅರ್ಧಕ್ಕೆ ಇಳಿಯಿತು. ಇನ್ನೂ ಕಣ್ಣಿಗೆ ಒಂದು ಎಳೆ ಹೊಗೆಯೂ ಕಂಡಿರಲಿಲ್ಲ ನೋಡಿ! ಕನ್ನಡಿ, ಟಾರ್ಚು ಹಿಡಿದು ಬಗ್ಗಿದರೆ, ಪೈಪಿನ ಮೊಣಕೈ ತಿರುವಿನ ಕೆಳಮಗ್ಗುಲಲ್ಲಿ ಉದ್ದುದ್ದಕ್ಕೆ ಬಿರುಕು. ಹೊಗೆ ಅಲ್ಲಿಂದ ಕೆಳಕ್ಕೆ ಇಳಿದು ಚದುರಿಹೋಗುತ್ತಿತ್ತು. ಪೈಪು ಬದಲಾಯಿಸಿದ ಮೇಲೆ ಐಡ್ಲಿಂಗ್‌ನಲ್ಲಿ ಶೇ 22 ಇದ್ದದ್ದು ಶೇ 3ಕ್ಕೆ ಬಂತು. ಒಂದು ಎಚ್ಚರಿಕೆ: ಒಣಗಿದ ಪ್ಲಾಸ್ಟಿಕ್ ಪೈಪನ್ನು ಒತ್ತಬೇಡಿ, ಕೈಯಲ್ಲೇ ಮುರಿಯುತ್ತದೆ. ಅದನ್ನೂ ನಾನು ಮಾಡಿ ಕಲಿತೆ.

ಒತ್ತಡದ ವಿಷಯದಲ್ಲೂ ನಾಲ್ಕನೆಯದೇ ನಿಶ್ಚಿಂತೆ. ಅದರ ಪಂಪು ಅರ್ಧ ಪಿಎಸ್‌ಐ ಆಸುಪಾಸಿಗಿಂತ ಮೇಲೆ ಹೋಗುವುದೇ ಇಲ್ಲ. ಟಯರಿಗೆ 30 ಪಿಎಸ್‌ಐ ಹಾಕುವ ಕೈಗೆ ಇದು ಏನೂ ಅಲ್ಲ ಅನಿಸುತ್ತದೆ, ಆದರೆ ಈ ಕೆಲಸಕ್ಕೆ ಅಷ್ಟೇ ಬೇಕು. ಕಂಪ್ರೆಸರಿನಿಂದ ಹೆಚ್ಚು ಬಿಟ್ಟರೆ ಎಣ್ಣೆ ಸೀಲುಗಳು ಜಾರಬಹುದು, ಟ್ಯಾಂಕಿನ ಕಡೆಯ ಭಾಗಗಳು ಕೆಡಬಹುದು.

ಟ್ಯಾಂಕಿನ ಆವಿ ಹಿಡಿಯುವ ವ್ಯವಸ್ಥೆಯ ಲೀಕನ್ನು ಒಂದೇ ಸಲ ಹುಡುಕಿದ್ದೇನೆ. ಗೆಳೆಯನ ಗ್ಯಾರೇಜಿಗೆ ಬಂದ ಕಾರು, ಪಿ 0456, ಅಂದರೆ ತೀರಾ ಸಣ್ಣ ಲೀಕು. ಈ ಕೋಡು ಅರ್ಧ ಮಿಲಿಮೀಟರ್ ತೂತಿಗೂ ಬರುತ್ತದೆ. ಒಳಗಿರುವುದು ಪೆಟ್ರೋಲ್ ಆವಿ, ಅದಕ್ಕೆ ಗಾಳಿ ಊದುವುದು ಬುದ್ಧಿವಂತಿಕೆ ಅಲ್ಲ. ನನ್ನ ಮೆಷೀನಿಗೆ ಹೊರಗಿನಿಂದ ಗ್ಯಾಸ್ ಕೊಡುವ ಬಾಯಿ ಇದೆ, ಗೆಳೆಯ ನೈಟ್ರೋಜನ್ ಸಿಲಿಂಡರ್ ಜೋಡಿಸಿದ. ಹೊರಗಾಳಿಗೆ ತೆರೆದುಕೊಂಡಿರುವ ವೆಂಟ್ ವಾಲ್ವನ್ನು ಸ್ಕ್ಯಾನರಿನಿಂದ ಮುಚ್ಚಿಸಬೇಕು, ಇಲ್ಲದಿದ್ದರೆ ಹೊಗೆಯೆಲ್ಲ ಅಲ್ಲಿಂದಲೇ ಹೋಗುತ್ತದೆ. ಇಲ್ಲಿ ಗುಂಡು ನಿಜಕ್ಕೂ ತಳಕ್ಕೆ ಬರಬೇಕು. ಬರಲಿಲ್ಲ. ಟ್ಯಾಂಕಿನ ಮುಚ್ಚಳದ ರಬ್ಬರ್ ಉಂಗುರ ಸೀಳಿತ್ತು. ಮುಚ್ಚಳ ಬದಲಿಸಿದೆವು, ಗುಂಡು ಕೂತಿತು.

ಉಳಿದವು ಸಣ್ಣ ಮಾತು. ನಾಟಕದ ಸ್ಟೇಜಿಗೆ ಬಳಸುವ ಹೊಗೆ ಮೆಷೀನು ಬೇಡ, ಅದರ ದ್ರವದಲ್ಲಿ ನೀರಿರುತ್ತದೆ, ಒಳಗೆಲ್ಲ ಜಿಗುಟು ಉಳಿಸುತ್ತದೆ. ಹೊಗೆ ಎಣ್ಣೆಗೆ ಬೆರೆಸುವ, ನೇರಳಾತೀತ ಬೆಳಕಿಗೆ ಹೊಳೆಯುವ ಬಣ್ಣ ನನಗೆ ಉಪಯೋಗಕ್ಕೆ ಬರಲಿಲ್ಲ. ಟರ್ಬೊ ಇರುವ ಎಂಜಿನ್ನಿನಲ್ಲಿ ಕೆಲವು ಲೀಕು ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುತ್ತವೆ, ಅರ್ಧ ಪಿಎಸ್‌ಐಗೆ ಕಾಣಿಸುವುದಿಲ್ಲ. ಅದಕ್ಕೆ ಹೆಚ್ಚು ಒತ್ತಡದ ಮೆಷೀನೇ ಬೇರೆ ಇದೆ. ನನ್ನ ಹತ್ತಿರ ಟರ್ಬೊ ಕಾರಿಲ್ಲ, ಹಾಗಾಗಿ ಅದರ ಗೋಜಿಗೆ ಹೋಗಿಲ್ಲ. ಮತ್ತೆ ಯಾವ ಮೆಷೀನೇ ಇರಲಿ, ಫ್ಯಾನು ಆರಿಸಿ, ಬಾಗಿಲು ಹಾಕಿ, ಎರಡು ಮೂರು ನಿಮಿಷ ಸುಮ್ನೆ ಕಾಯಿರಿ.

ನಾನು ತಿಂಗಳಿಗೆ ಒಂದೋ ಎರಡೋ ಕಾರು ನೋಡುವವನು, ಅದೂ ಮನೆಯವರದ್ದು, ಗೆಳೆಯರದ್ದು. ಕಂಪ್ರೆಸರ್ ಎಳೆದು ತಂದು, ಅದರ ಸದ್ದಿಗೆ ಪಕ್ಕದ ಮನೆಯವರ ಮುಖ ನೋಡುವ ಉತ್ಸಾಹ ನನಗಿಲ್ಲ. ಬ್ಯಾಟರಿಗೆ ಕ್ಲಿಪ್ಪು ಹಾಕಿದರೆ ಮುಗಿಯಬೇಕು. ಅದಕ್ಕೆ ನಾಲ್ಕನೆಯದು. ನಿಮ್ಮ ಕಾರಿಗೆ ಒಂದೇ ಒಂದು ಸಲ ಬೇಕಾಗಿದ್ದರೆ ಇದ್ಯಾವುದನ್ನೂ ಕೊಳ್ಳಬೇಡಿ, ಹೊಗೆ ಮೆಷೀನು ಇರುವ ಗ್ಯಾರೇಜಿನಲ್ಲಿ ಒಂದು ಪರೀಕ್ಷೆ ಮಾಡಿಸಿ. ಗುಂಡಿನ ಕೊಳವೆ ಇದೆಯಾ ಅಂತ ಕೇಳಿ. ದುಡ್ಡು ಮೂರನೆಯದಕ್ಕೆ ಮಾತ್ರ ಸಾಕಾಗುತ್ತದೆ ಅಂತಾದರೆ, ಮೊದಲ ದಿನವೇ ಆ ಕೋನನ್ನು ಪಕ್ಕಕ್ಕಿಟ್ಟು ಗಾಳಿ ತುಂಬಿಸುವ ಬುಡ್ಡೆಯೊಂದನ್ನು ಬೇರೆಯಾಗಿ ಕೊಳ್ಳಿ. ಅರ್ಧ ಕಷ್ಟ ಕಡಿಮೆಯಾಗುತ್ತದೆ.

ನನ್ನ ಮೂರನೆಯದು ಮೂಲೆ ಸೇರಿಲ್ಲ. ಸೈಲೆನ್ಸರ್ ಪೈಪಿನ ಲೀಕ್ ನೋಡುವಾಗ ಅದನ್ನೇ ತೆಗೆಯುತ್ತೇನೆ. ಎಕ್ಸಾಸ್ಟಿನ ಉದ್ದ ಪೈಪು ತುಂಬಲು ನಾಲ್ಕನೆಯದಕ್ಕೆ ಹತ್ತು ನಿಮಿಷ ಬೇಕು, ಇದಕ್ಕೆ ಒಂದೇ ನಿಮಿಷ. ಸೈಲೆನ್ಸರಿನ ಬಾಯಿ ಪೂರ್ತಿ ದುಂಡಗಿದೆ. ಕೋನು ಅಲ್ಲಿ ಚೆನ್ನಾಗಿ ಕೂರುತ್ತದೆ.